ಅಪ್ಪನನ್ನು ಕಂಡವರು

ಕ್ಷೌರಿಕ ಅರ್ಧ ಗಡ್ಡ ಕೆರೆದು ಕತ್ತಿ ಎತ್ತಿ ಹಿಡಿದು, "ಇವತ್ತು ಬಂದರಿನ ಸಭಾಂಗಣದಲ್ಲಿ ಹಳೇ ಹಡಗಿನವರೆಲ್ಲ ಸೇರ್ತಾರಂತೆ. ನಿಮ್ಮಪ್ಪನ್ನ ಕಂಡೋರು ಒಬ್ಬರಾದ್ರೂ ಇರಲ್ವಾ?" ಎಂದಾಗಲೇ ದರ್ಜಿಯ ದಿನ ಕೆಟ್ಟಿತು.

ಅವನು ತೊಟ್ಟಿಲಲ್ಲಿದ್ದಾಗ ಅಪ್ಪ ಸರಕಿನ ಹಡಗು ಹತ್ತಿದ್ದ, ತಿರುಗಿ ಬರಲಿಲ್ಲ. ಯಾವ ಹಡಗು, ಏನು ಕೆಲಸ ಎಂಬುದು ಅಮ್ಮನಿಗೂ ಗೊತ್ತಿರಲಿಲ್ಲ. ಉಳಿದದ್ದು ಮುಖವಷ್ಟೇ ಕಾಣುವ ಒಂದು ಫೋಟೋ. ಊರಿನ ಅರ್ಧ ಗಂಡಸರ ಅಳತೆ ಬಾಯಿಪಾಠವಾಗಿದ್ದ ದರ್ಜಿಗೆ ಅಪ್ಪನ ಎತ್ತರ ಮಾತ್ರ ತಿಳಿಯದು.

"ಹೋಗಿ ಬಂದ್ಮೇಲೆ ಇನ್ನರ್ಧ ಗಡ್ಡ ನೋಡ್ಕೊಳ್ಳೋಣ" ಎಂದು ಕ್ಷೌರಿಕ ಅಂಗಡಿಗೆ ಬೀಗ ಹಾಕಿ ತಾನೂ ಹೊರಟ. ದಾರಿಯಲ್ಲಿ ದರ್ಜಿಯ ಭಾವಮೈದ ಅಂಟಿಕೊಂಡ. "ಬರೀ ಅಪ್ಪ ಅಂದ್ರೆ ಯಾರೂ ತಿರುಗಿ ನೋಡಲ್ಲ ಭಾವ. ಕ್ಯಾಪ್ಟನ್ ಅನ್ನು."

ಬೇಡ ಎನ್ನುವಷ್ಟರಲ್ಲಿ ಅವನು ಬಾಗಿಲಲ್ಲೇ ಕ್ಯಾಪ್ಟನ್ನರ ಮಗ ಬಂದಿದ್ದಾರೆಂದು ಸಾರಿಬಿಟ್ಟಿದ್ದ. ಗಡ್ಡ ಉಳಿದ ಕೆನ್ನೆಗೆ ಕರ್ಚೀಫು ಒತ್ತಿಕೊಂಡ ದರ್ಜಿಯನ್ನು ಹಲ್ಲುನೋವಿರಬೇಕೆಂದು ಮರುಗಿ ಮುಂದಿನ ಸಾಲಿನಲ್ಲಿ ಕೂರಿಸಿದರು.

"ಯಾವ ಹಡಗಿನ ಕ್ಯಾಪ್ಟನ್?" ನಿವೃತ್ತ ಎಂಜಿನಿಯರರೊಬ್ಬರು ವಿಚಾರಿಸಿದರು.

"ಕ್ಯಾಪ್ಟನ್ ಅಂದ್ರೆ... ಅವರ ಕೈಕೆಳಗೆ" ಎಂದ ದರ್ಜಿ.

"ಮೇಟ್ ಅಧಿಕಾರಿಯಾ?"

"ಅವರಿಗೂ ಸ್ವಲ್ಪ ಕೆಳಗೇ ಇರಬಹುದು."

ಒಂದೊಂದು ಪ್ರಶ್ನೆಗೂ ಅಪ್ಪ ಒಂದೊಂದು ಮೆಟ್ಟಿಲು ಇಳಿದು, ಕೊನೆಗೆ ಹಡಗಿನ ಅಡಿಗೆಮನೆಯಲ್ಲಿ ಈರುಳ್ಳಿ ಸುಲಿಯುತ್ತ ನಿಂತ. ಮಗನ ಕುರ್ಚಿಯೂ ಹಿಂದೆ ಹಿಂದೆ ಸರಿದು ನೀರಿನ ಡ್ರಮ್ಮಿನ ಪಕ್ಕಕ್ಕೆ ಬಂತು. ಫೋಟೋ ವಿಳಾಸ ತಪ್ಪಿದ ಪಾರ್ಸೆಲ್ಲಿನಂತೆ ಕೈಯಿಂದ ಕೈಗೆ ಸುತ್ತಿ ಅವನಿಗೇ ಮರಳಿತು.

ಆಗ ಡ್ರಮ್ಮಿನ ಆಚೆ ಕೂತಿದ್ದ, ನಾವಿಕರ ಟೋಪಿಯ ಮುದುಕ ಕೈ ಚಾಚಿದ. "ಕೊಡಿಲ್ಲಿ. ಇವನಾ? ಗೊತ್ತಿಲ್ದೆ ಏನು."

ದರ್ಜಿಯ ಕರ್ಚೀಫು ಕೆನ್ನೆಯಿಂದ ಜಾರಿತು.

"ನನಗಿಂತ ಗೇಣುದ್ದ ಎತ್ತರ. ಬಾಗಿಲು ದಾಟುವಾಗಲೆಲ್ಲ ತಲೆ ಬಡಿಸ್ಕೊಂಡು ಬಾಗಿಲಿಗೇ ಬೈತಿದ್ದ. ದಡ ಸಿಕ್ಕಾಗಲೆಲ್ಲ ಮಗೂಗೆ ಅಂಗಿ ಹುಡುಕೋನು. ಈಗೆಷ್ಟು ಬೆಳೆದಿರ್ತಾನೋ ಅಂತ ಗಾಳೀಲೇ ಕೈ ಹಿಡಿದು ಅಳತೆ ತೋರಿಸೋನು."

ದರ್ಜಿ ಬಿಕ್ಕಿದ. ಕ್ಷೌರಿಕ ಭಾವಮೈದನನ್ನು ಎಳೆದುಕೊಂಡು ಚಹಾ ತರಲು ಹೋದ.

"ಯಾವ ಹಡಗಲ್ಲಿ ಜೊತೆಗಿದ್ರಿ?" ಎಂದು ದರ್ಜಿ ಕಣ್ಣೊರೆಸಿಕೊಂಡು ಕೇಳಿದ.

ಮುದುಕ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ನಾನು ಹಡಗು ಹತ್ತಿದೋನಲ್ಲಪ್ಪ. ಗಡಿಯಾರ ರಿಪೇರಿ ಮಾಡ್ತೀನಿ. ನಮ್ಮಪ್ಪನೂ ಹಿಂಗೇ ಹೋದೋನು. ವರ್ಷಾ ವರ್ಷ ಬಂದು ಕೇಳ್ತೀನಿ, ಕಂಡೋರು ಸಿಕ್ಕಿಲ್ಲ. ಈಗ ಹೇಳಿದ್ದು, ನನಗೆ ಯಾರಾದ್ರೂ ಹೇಳಲಿ ಅಂತ ಕಾಯ್ತಿದ್ದ ಮಾತು. ನಿನ್ನ ಮುಖ ನೋಡೋಕಾಗದೆ ನಿನಗೆ ಹೇಳ್ಬಿಟ್ಟೆ."

ದರ್ಜಿ ಫೋಟೋ ಕಿತ್ತುಕೊಂಡು ದುಡುದುಡು ಬಾಗಿಲವರೆಗೆ ನಡೆದ. ತಿರುಗಿ ನೋಡಿದರೆ ಮುದುಕ ಜೇಬಿನಿಂದ ತನ್ನಪ್ಪನ ಫೋಟೋ ಹೊರತೆಗೆದು, ಪಕ್ಕದಲ್ಲಿ ಹೋಗುತ್ತಿದ್ದವರೊಬ್ಬರಿಗೆ ತೋರಿಸುತ್ತಿದ್ದ. ಅವರು ಇಲ್ಲವೆಂದು ತಲೆಯಾಡಿಸಿ ಮುಂದೆ ಹೋದರು.

ದರ್ಜಿ ಹಿಂದಿರುಗಿ ಬಂದು ಕೂತ. ಆ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇವರ ವಿಷಯ ಕೇಳಿದೀನಿ" ಎಂದ. "ಬಹಳ ಚೆನ್ನಾಗಿ ಹಾಡ್ತಿದ್ರಂತೆ."

ಅದು ಸುಳ್ಳೆಂದು ಮುದುಕನಿಗಿಂತ ಚೆನ್ನಾಗಿ ಬಲ್ಲವರು ಆ ಸಭೆಯಲ್ಲಿ ಇರಲಿಲ್ಲ. ಆದರೂ ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

"ಯಾವ ಹಾಡು?" ಎಂದ.