ಬಚ್ಚಲುಮನೆಯ ಮೇಲೊಂದು ಇದ್ದಿಲ ಗೋಪುರ

ನನಗೆ ಯಂತ್ರಗಳ ಒಳಗುಟ್ಟು ಬೇಗ ತಿಳಿಯುತ್ತದೆ. ರಾಜಾಜಿನಗರದ ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರ ಕೆಟ್ಟರೆ ನಾನೇ ಬಿಚ್ಚಿ ಜೋಡಿಸುತ್ತಿದ್ದೆ. ಪ್ರತಿಸಲವೂ ಒಂದೆರಡು ಸ್ಕ್ರೂ ಮಿಗುತ್ತಿದ್ದವು. ಆದರೂ ಯಂತ್ರ ಹೊಲಿಯುತ್ತಿತ್ತು. ಹಾಗಾಗಿ ಎಪ್ಪತ್ತರ ದಶಕದ ಆ ದೀಪಾವಳಿಗೆ ಬಚ್ಚಲುಮನೆಯ ಮೇಲೆ ಇದ್ದಿಲ ಗೋಪುರ ಕಟ್ಟಲು ಹೊರಟಾಗ ನನಗೆ ಎಳ್ಳಷ್ಟೂ ಅಳುಕಿರಲಿಲ್ಲ.

ಕಾರಣ ಗಂಭೀರವಾದದ್ದೇ. ಆ ಬೇಸಿಗೆಯಲ್ಲಿ ಮಗಳು ವಸುಧಾಳ ಮದುವೆಯಾಗಿತ್ತು. ಛತ್ರದಲ್ಲಿ ಬಿಸಿನೀರು ಸಾಲದೆ ಬೀಗಿತ್ತಿ ತಣ್ಣೀರಿನ ಸ್ನಾನ ಮಾಡಿದ್ದರು. ಮೇ ತಿಂಗಳಲ್ಲೂ ತಾವು ನಡುಗಿದ್ದನ್ನು ಮೈಸೂರಿನ ನೆಂಟರಿಗೆಲ್ಲ ವರ್ಣಿಸಿದ್ದರಂತೆ. ಈಗ ಅಳಿಯ ಶ್ರೀಧರ ಮೊದಲ ದೀಪಾವಳಿಗೆ ಬರುವವರಿದ್ದರು. ಮೊದಲ ದೀಪಾವಳಿ ಎಂದರೆ ಎಣ್ಣೆಸ್ನಾನ. ಎಣ್ಣೆಸ್ನಾನ ಎಂದರೆ ಬಿಸಿನೀರು. ಬಿಸಿನೀರು ಎಂದರೆ ನನ್ನ ಮಾನ.

ನಮ್ಮದು ತಾಮ್ರದ ಬಾಯ್ಲರ್. ಅದರ ನಡುವಿನ ಕೊಳವೆಗೆ ಮೇಲಿನಿಂದ ಇದ್ದಿಲು ಹಾಕುತ್ತಾ ಇರಬೇಕು. ಹಬ್ಬದ ಬೆಳಿಗ್ಗೆ ನಾನು ಕಜ್ಜಾಯ ಕರಿಯಲೋ, ಬಚ್ಚಲಿಗೆ ಓಡಲೋ? ಅದೂ ಅಳಿಯ ಸ್ನಾನಕ್ಕೆ ಕೂತಿರುವಾಗ?

ಉತ್ತರ ಹೊಳೆದದ್ದು ಅಣ್ಣನ ಊರಿಗೆ ಹೋಗುವಾಗ. ದಾರಿಯ ದೊಡ್ಡ ಜಂಕ್ಷನ್ನಿನಲ್ಲಿ ನಮ್ಮ ರೈಲು ನಿಂತಿತ್ತು. ಪಕ್ಕದಲ್ಲಿ ಎತ್ತರದ ಕಂಬಗಳ ಮೇಲೆ ಮನೆಯಷ್ಟು ದೊಡ್ಡ ತೊಟ್ಟಿ. ಸರಪಳಿಗೆ ಕಟ್ಟಿದ ಬಕೆಟ್ಟುಗಳು ಕಲ್ಲಿದ್ದಲನ್ನು ಮೇಲಕ್ಕೆ ಹೊತ್ತು ಅದರೊಳಗೆ ಸುರಿಯುತ್ತಿದ್ದವು. ಉಗಿ ಎಂಜಿನ್ ಬಂದು ಕೆಳಗೆ ನಿಂತಿತು. ಒಬ್ಬ ತಗಡಿನ ಜಾರುಕೊಳವೆಯನ್ನು ಎಂಜಿನ್ ಹಿಂದಿನ ಕಲ್ಲಿದ್ದಲ ಬಂಡಿಯ ಮೇಲೆ ಇಳಿಸಿ ಹಿಡಿ ಎಳೆದ. ತೊಟ್ಟಿಯ ತಳದ ಬಾಗಿಲು ತೆರೆದು, ಕಲ್ಲಿದ್ದಲು ತನ್ನ ಭಾರಕ್ಕೆ ತಾನೇ ಧಡಧಡ ಇಳಿಯಿತು. ಹಿಡಿ ಬಿಟ್ಟ, ನಿಂತಿತು. ನನ್ನ ಕಾಫಿ ಮುಗಿಯುವಷ್ಟರಲ್ಲಿ ಎಂಜಿನ್ ಹೊಟ್ಟೆ ತುಂಬಿಸಿಕೊಂಡು ಹೊರಟೇಹೋಯಿತು.

ಊರಿಗೆ ಮರಳಿದ ಕೂಡಲೇ ಯಜಮಾನರಿಗೆ ಯೋಜನೆಯನ್ನು ವಿವರಿಸಿದೆ. ಅವರು ಪೇಪರಿನಿಂದ ತಲೆ ಎತ್ತದೆ ಹೇಳಿದರು:

"ಅದು ರೈಲು ಕಣೇ. ಇದು ಬಚ್ಚಲು."

ತತ್ತ್ವ ಒಂದೇ ಎಂದು ನಾನು ಅವರಿಗೆ ತಿಳಿಹೇಳಿದೆ. ಮೂಡಲಪಾಳ್ಯದ ತಗಡಿನ ಕೆಲಸದವನನ್ನು ಕರೆಸಿ, ಬಚ್ಚಲಿನ ತಾರಸಿಯ ಮೇಲೆ ಹಳೆಯ ಡ್ರಮ್ ಒಂದನ್ನು ಕೂರಿಸಿದೆ. ಅದರ ತಳಕ್ಕೆ ಜಾರುವ ತಗಡಿನ ಬಾಗಿಲು. ಬಾಗಿಲಿನಿಂದ ಬೆಳಕಿಂಡಿಯ ಮೂಲಕ ಬಾಯ್ಲರಿನ ಬಾಯಿಗೆ ಗುರಿಯಿಟ್ಟ ಮಳೆನೀರಿನ ಕೊಳವೆ. ಬಾಗಿಲಿಗೆ ಕಟ್ಟಿದ ಹಗ್ಗ ನೇರ ಅಡುಗೆಮನೆಯ ಕಿಟಕಿಗೆ. ಎಳೆದರೆ ಇದ್ದಿಲು, ಬಿಟ್ಟರೆ ನಿಲುಗಡೆ. ಪರೀಕ್ಷೆ ಮಾಡಿದಾಗ ಹಿಡಿ ಇದ್ದಿಲು ಸರಿಯಾಗಿ ಬಾಯ್ಲರಿನೊಳಗೇ ಬಿತ್ತು. ನೋಡಲು ಬಂದ ಪಕ್ಕದ ಮನೆಯ ಪಾರ್ವತಮ್ಮ, ಇದ್ದಿಲನ್ನು ಕೈಯಲ್ಲಿ ಹಾಕಿದರೆ ಏನಾಗುತ್ತಿತ್ತು ಎಂದು ಕೇಳಿದರು. ಸೌದೆ ಒಲೆಯ ಹಂಡೆಯಲ್ಲೇ ಕಾಲ ಕಳೆಯುತ್ತಿದ್ದ ಆಕೆಯನ್ನು ಕಂಡು ನನಗೆ ಕನಿಕರವಾಯಿತು.

ಹಬ್ಬದ ಬೆಳಿಗ್ಗೆ ಡ್ರಮ್ಮನ್ನು ಕಂಠಪೂರ್ತಿ ತುಂಬಿಸಿದ್ದೆ. ಮೂಟೆಯ ತಳದ ಪುಡಿಯನ್ನೂ ಬಿಟ್ಟಿರಲಿಲ್ಲ. ಅಳಿಯನಿಗೆ ಆರತಿಯಾಯಿತು, ತಲೆಯಿಂದ ಕಾಲಿನವರೆಗೆ ಎಣ್ಣೆಯಾಯಿತು. ಅವರು ಬಚ್ಚಲಿಗೆ ಹೋಗಿ ಮಣೆಯ ಮೇಲೆ ಕೂತರು. ನಾನು ಕಜ್ಜಾಯ ತಿರುವುತ್ತಾ, ರೈಲ್ವೆಯವರ ಗತ್ತಿನಲ್ಲಿ ಹಗ್ಗ ಎಳೆದೆ.

ಸದ್ದಿಲ್ಲ. ದಪ್ಪ ಇದ್ದಿಲೊಂದು ಬಾಗಿಲಿಗೆ ಅಡ್ಡ ಸಿಕ್ಕಿರಬೇಕು. ಇನ್ನೊಮ್ಮೆ ಎಳೆದೆ. ಟಣ್ ಎಂದು ಒಂದೇ ಒಂದು ಚೂರು ಬಿತ್ತು. ಬೀಗಿತ್ತಿಯ ನಡುಕ ನೆನಪಾಯಿತು. ಸೌಟು ಕೆಳಗಿಟ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಗೋಡೆಗೆ ಕಾಲು ಕೊಟ್ಟು ಎರಡೂ ಕೈಯಲ್ಲಿ ಜಗ್ಗಿದೆ.

ಹಗ್ಗದ ಜೊತೆ ಬಾಗಿಲೂ ಬಂತು!

ಡ್ರಮ್ಮಿನಲ್ಲಿದ್ದದ್ದೆಲ್ಲ ಒಂದೇ ಸಲಕ್ಕೆ ಇಳಿಯಿತು. ಆ ರಭಸಕ್ಕೆ ಕೊಳವೆ ಬಾಯ್ಲರನ್ನು ಬಿಟ್ಟು ಮಣೆಯ ಕಡೆ ತಿರುಗಿತಂತೆ. ಬೆಳಕಿಂಡಿಯಿಂದ ಕಪ್ಪು ಮೋಡವೊಂದು ಎದ್ದು ಮಾಗಡಿ ರಸ್ತೆಯ ಕಡೆ ಹೊರಟಿತು. ಎಲ್ಲ ಸದ್ದು ನಿಂತ ಮೇಲೆ ಒಳಗಿನಿಂದ ಅಳಿಯನ ಮರ್ಯಾದೆಯ ದನಿ ಕೇಳಿತು.

"ಅತ್ತೇ... ಸಾಕು."

ಯಜಮಾನರು ಒಳಗೆ ನುಗ್ಗಿದರು. ಸ್ವಲ್ಪ ಹೊತ್ತಿಗೆ ಇಬ್ಬರು ಹೊರಗೆ ಬಂದರು. ಯಾರು ಮಾವ, ಯಾರು ಅಳಿಯ ಎಂದು ಹೇಳುವ ಹಾಗಿರಲಿಲ್ಲ. ವಸುಧಾ ಟವೆಲ್ ಹಿಡಿದು ಓಡಿಬಂದು ತನ್ನಪ್ಪನಿಗೆ ಹೊದಿಸಿ, "ರೀ, ಕಣ್ಣು ಉರೀತಿದ್ಯಾ?" ಎಂದಳು.

"ನಾನು ನಿಮ್ಮಪ್ಪ ಕಣೇ. ನಿನ್ನ ಗಂಡ ಅಲ್ಲಿ ಕೆಮ್ತಾ ಇದಾನೆ."

ಎಣ್ಣೆಯ ಮೇಲೆ ಕೂತ ಇದ್ದಿಲ ಪುಡಿ ತಣ್ಣೀರಿಗೆ ಜಗ್ಗುವುದಿಲ್ಲ. ನೀರು ಪೂರ್ತಿ ಕಾಯುವ ಮೊದಲೇ ಬಾಯ್ಲರಿನ ಬೆಂಕಿ ಇದ್ದಿಲ ರಾಶಿಯ ಕೆಳಗೆ ಸಮಾಧಿಯಾಗಿತ್ತು. ಬಿಸಿನೀರು ಇದ್ದದ್ದು ಪಾರ್ವತಮ್ಮನ ಹಂಡೆಯಲ್ಲಿ. ಪಟಾಕಿ ಹಚ್ಚಲು ಬೀದಿಯೆಲ್ಲ ಹೊರಗೆ ನಿಂತಿದ್ದಾಗ, ನಮ್ಮ ಹೊಸ ಅಳಿಯ ಟವೆಲ್ ಸುತ್ತಿಕೊಂಡು, ಹಲ್ಲು ಮಾತ್ರ ಬೆಳ್ಳಗೆ ಕಾಣಿಸುತ್ತಾ, ಪಕ್ಕದ ಮನೆಗೆ ನಡೆದರು. ಎಲ್ಲರಿಗೂ ನಮಸ್ಕಾರ ಬೇರೆ ಮಾಡಿದರು. ಪಾರ್ವತಮ್ಮನ ಗಂಡ ಸೀಗೆಪುಡಿ ಹಾಕಿ ಬೆನ್ನು ಉಜ್ಜಿದರು. ಪಾರ್ವತಮ್ಮ ಮತ್ತೊಮ್ಮೆ ಆರತಿ ಎತ್ತಿ, ತಮ್ಮ ಮಗನಿಗೆಂದು ತಂದಿದ್ದ ಹೊಸ ಪಂಚೆ ಉಡಿಸಿ, ಕಜ್ಜಾಯ ತಿನ್ನಿಸಿಯೇ ಕಳಿಸಿದರು. ನನ್ನ ಕಜ್ಜಾಯ ಅಷ್ಟರಲ್ಲಿ ಬಾಣಲೆಯಲ್ಲಿ ಅಳಿಯನ ಬಣ್ಣಕ್ಕೇ ತಿರುಗಿತ್ತು.

ಅಂಥ ಬಿಸಿನೀರು ಜನ್ಮದಲ್ಲಿ ಕಂಡಿಲ್ಲ ಎಂದು ಅಳಿಯ ಮೈಸೂರಿನಲ್ಲಿ ಹೊಗಳಿದರಂತೆ. ಯಾರ ಮನೆಯ ನೀರು ಎಂದು ಬೀಗಿತ್ತಿ ಕೇಳಲಿಲ್ಲ, ವಸುಧಾ ಹೇಳಲಿಲ್ಲ. ಬಚ್ಚಲು ತೊಳೆಯುವ ಕೆಲಸ ಮಾತ್ರ ಸಂಕ್ರಾಂತಿಯವರೆಗೂ ನಡೆಯಿತು.

ಮರುವರ್ಷದ ದೀಪಾವಳಿಗೆ ನಾನು ಕೈಯಾರೆ ಇದ್ದಿಲು ಹಾಕಿ, ನೀರು ಕುದಿಸಿ, ಬಾಗಿಲಲ್ಲಿ ಕಾದು ನಿಂತೆ. ಅಳಿಯ ಆಟೋ ಇಳಿದರು. ನನ್ನ ಕಾಲಿಗೆ ನಮಸ್ಕರಿಸಿದರು. ಸೂಟ್‌ಕೇಸನ್ನು ನನ್ನ ಕೈಗೆ ಕೊಟ್ಟರು. ಟವೆಲ್ ಹೆಗಲಿಗೆ ಹಾಕಿಕೊಂಡು ಸೀದಾ ಪಾರ್ವತಮ್ಮನ ಮನೆಗೆ ಹೋದರು.