ನಮ್ಮ ಭಾವ ಮಾತು ಕಲಿತದ್ದು

ಭಟ್ಕಳದಿಂದ ಕುಮಟೆಯವರೆಗೆ ನಮ್ಮ ಭಾವನಷ್ಟು ಸಲ ಮೈಕಿನ ಮುಂದೆ ನಿಂತವರು ಇನ್ನೊಬ್ಬರಿಲ್ಲ. ಮಂತ್ರಿಗಳೇ? ಬಿಡಿ, ಅವರು ಐದು ವರ್ಷಕ್ಕೊಮ್ಮೆ ಬರುವವರು! ಭಾವ ವಾರಕ್ಕೆ ನಾಲ್ಕು ಸಭೆ ಕಂಡವರು. ಆದರೆ ಮೂವತ್ತು ವರ್ಷಗಳಲ್ಲಿ ಅವರು ಮಾಡಿದ್ದು ಒಂದೇ ಭಾಷಣ: "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್, ಟೂ, ತ್ರೀ." ಅವರದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. "ತ್ರೀ" ಆದ ಮೇಲೆ ಏನು ಹೇಳಬೇಕೆಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಇಂಥ ಭಾವ ಒಂದು ದಿನ ಹೊನ್ನಾವರದ ನಮ್ಮ ಮನೆಗೆ ಬಂದು, ಚಾ ತಣ್ಣಗಾಗುವವರೆಗೂ ಲೋಟ ತಿರುಗಿಸುತ್ತ ಕೂತು, ಕೊನೆಗೆ ಕೇಳಿದರು:

"ತಂಗೀ, ನಿಮ್ಮ ಭಾಷಣದ ಕೂಟಕ್ಕೆ ಸೇರೂಕೆ ಎಂತ ಬೇಕು?"

ನಾವೊಂದಿಪ್ಪತ್ತು ಜನ ಪ್ರತಿ ಭಾನುವಾರ ಬೆಳಿಗ್ಗೆ ಶಾಲೆಯೊಂದರ ಕೋಣೆಯಲ್ಲಿ ಸೇರಿ, ಸರದಿಯಂತೆ ಮಾತಾಡಿ, ಸಭಾಕಂಪ ಬಿಡಿಸಿಕೊಳ್ಳುತ್ತೇವೆ. ನಾನು ಆ ಕೂಟದ ಕಾರ್ಯದರ್ಶಿ.

"ಬಾಯಿ ಒಂದಿದ್ರೆ ಸಾಕು ಭಾವ," ಎಂದೆ.

"ನಮ್ಮನೇಲಿ ಅದು ಪೂರಾ ನಿಮ್ಮಕ್ಕನ ಹತ್ರ ಅದೆ! ಅವಳಿಗೆ ಮಾತ್ರ ಹೇಳ್ಬೇಡ, ಆತಾ?"

ನನ್ನ ಅಕ್ಕ ಮಾವಳ್ಳಿಯಲ್ಲಿ ಮುಖ್ಯೋಪಾಧ್ಯಾಯಿನಿ. ಶಾಲೆಯ ಮಕ್ಕಳನ್ನೂ ಭಾವನನ್ನೂ ಒಂದೇ ದನಿಯಲ್ಲಿ ನಡೆಸಿಕೊಂಡು ಬಂದವಳು. ಅವಳಿಂದ ಮುಚ್ಚಿಟ್ಟು ಯಾಕೆ ಭಾಷಣ ಕಲಿಯಬೇಕು? ಕೇಳಿದರೆ ಭಾವ ಕಿವಿ ತುರಿಸಿಕೊಂಡರು. ಚುನಾವಣೆಗೆ ನಿಲ್ಲುತ್ತಾರೆಂದೇ ನಾನು ತೀರ್ಮಾನಿಸಿದೆ!

ಮೊದಲ ಭಾನುವಾರ ಎರಡು ನಿಮಿಷದ ಸ್ವಪರಿಚಯ. ಭಾವ ಗಂಭೀರವಾಗಿ ಎದ್ದು ಹೋದರು. ಮೈಕಿನ ತಲೆಗೆ ಎರಡು ಸಲ ತಟ್ಟಿದರು. "ಹಲೋ, ಹಲೋ" ಎಂದರು. ಆಮೇಲೆ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಸ್ಟ್ಯಾಂಡಿನ ತಿರುಪು ಬಿಗಿಮಾಡಿ, ನಮಸ್ಕಾರ ಹಾಕಿ ಬಂದು ಕೂತರು. ವಿಮರ್ಶೆಗೆಂದು ಎದ್ದ ನಿವೃತ್ತ ಮೇಷ್ಟ್ರು ಬಹಳ ಯೋಚಿಸಿ ಹೇಳಿದರು: "ಧ್ವನಿ ಸ್ಪಷ್ಟವಾಗಿತ್ತು. ವಿಷಯ ಸ್ವಲ್ಪ ಕಡಿಮೆಯಾಯಿತು."

ಮತ್ತೊಂದು ವಾರ 'ನನ್ನ ಇಷ್ಟದ ತಿಂಡಿ' ಎಂಬ ವಿಷಯ. "ಎಂತ ಅಂದ್ರೆ..." ಎಂದು ಶುರುಮಾಡಿದವರು ಹದಿನೇಳು ಸಲ "ಎಂತ ಅಂದ್ರೆ" ಎಂದರೇ ಹೊರತು ಎಂತ ಅಂತ ಹೇಳಲೇ ಇಲ್ಲ! ಹೊತ್ತು ಮುಗಿದ ಕೆಂಪು ಚೀಟಿ ಕಂಡು ಭಾವನಿಗೆ ಕೋಪ ಬಂತು. "ಈಗ ಹೇಳೂಕೆ ಹೊರಟಿದ್ದೆ ಮಾರಾಯ್ರೆ! ಅಷ್ಟರಲ್ಲಿ ಚೀಟಿ ತೋರ್ಸುದಾ?" ಆ ತಿಂಡಿ ಯಾವುದೆಂದು ಕೂಟಕ್ಕೆ ಇಂದಿಗೂ ತಿಳಿದಿಲ್ಲ.

ಜನರೆದುರು ಆಗದಿದ್ದರೆ ಸಮುದ್ರದೆದುರು ಮಾತಾಡಿ ಎಂದು ಸಲಹೆ ಕೊಟ್ಟವಳು ನಾನೇ. ಅಪ್ಸರಕೊಂಡದ ದಂಡೆಯಲ್ಲಿ ನಿಂತು ಭಾವ ಅಲೆಗಳಿಗೆ "ಮಾನ್ಯ ಸಭಾಧ್ಯಕ್ಷರೇ!" ಎಂದರು. ಪ್ರವಾಸಿಗರು ಸುತ್ತ ನೆರೆದು ಮೊಬೈಲ್ ಹಿಡಿದರು. ಬುಟ್ಟಿ ಹೊತ್ತು ಹೊರಟಿದ್ದ ಮೀನಿನ ಹೆಂಗಸೊಬ್ಬಳು ನಿಂತು, ಕೇಳಿ, ತಲೆಯಾಡಿಸಿದಳು.

"ಇಷ್ಟು ಸಣ್ಣ ಸ್ವರ ಆದ್ರೆ ಒಂದು ಬಂಗಡೆನೂ ಖರ್ಚಾಗುದಿಲ್ಲ ಒಡೆಯಾ! ಹೊಟ್ಟೆಯಿಂದ ಕೂಗಿ!"

ನಮ್ಮ ಕೂಟದ ಯಾವ ವಿಮರ್ಶಕರೂ ಇಷ್ಟು ಉಪಯೋಗದ ಮಾತು ಹೇಳಿರಲಿಲ್ಲ.

ಇತ್ತ ಅಕ್ಕನಿಗೆ ಅನುಮಾನ. ಫೋನ್ ಮಾಡಿದಳು.

"ಭಾನುವಾರ ಬಂತಂದ್ರೆ ಮೈಕ್ ರಿಪೇರಿ ಅಂತ ಹೊನ್ನಾವರಕ್ಕೆ ಹೊರಡ್ತಾರೆ. ಆರು ತಿಂಗಳಾದ್ರೂ ರಿಪೇರಿ ಆಗ್ದೇ ಇರುದು ಎಂತಾ ಮೈಕಾ ಅದು?"

"ಹಳೇದಿರ್ಬೇಕು ಅಕ್ಕಾ."

"ಮತ್ತೆ ಬಚ್ಚಲಿಗೆ ಹೋಗಿ 'ಆತ್ಮೀಯ ಬಂಧುಗಳೇ' ಅಂತಾರಲ್ಲ, ಅಲ್ಲಿ ಯಾರಿದ್ದಾರೆ?"

ಹಂಡೆ ಇದೆ ಎಂದೆ. ಫೋನ್ ಕುಕ್ಕಿದಳು.

ಅದಾದ ಕೆಲವೇ ದಿನಗಳಲ್ಲಿ ಅಕ್ಕ ನಿವೃತ್ತಳಾದಳು. ಶಾಲೆಯಲ್ಲಿ ಬೀಳ್ಕೊಡುಗೆ. ದಂಪತಿಯನ್ನು ವೇದಿಕೆಯಲ್ಲಿ ಕೂರಿಸಿ ಶಾಲು ಹೊದೆಸಿದರು. ಹತ್ತು ಜನ ಹೊಗಳಿದ ಮೇಲೆ, ಯಾರೂ ಕರೆಯದೆ, ಭಾವ ತಾವಾಗಿ ಎದ್ದು ನಿಂತರು. ಅಕ್ಕ ಗಾಬರಿಯಿಂದ ಅವರ ಅಂಗಿಯ ಚುಂಗು ಎಳೆದಳು. ಮೂರನೇ ಸಾಲಿನಲ್ಲಿದ್ದ ನಾನು ಕಣ್ಣು ಮುಚ್ಚಿಕೊಂಡೆ.

"ಮದುವೆ ಆದ ವರ್ಷ ಇವಳು ಟೀಚರ್ ಟ್ರೇನಿಂಗಿಗೆ ಹೋಗ್ತೆ ಅಂದ್ಳು," ಎಂದರು ಭಾವ. "ನಮ್ಮಪ್ಪ ಅಂಗಳದಲ್ಲಿ ನಿಂತು ಬಾಯಿಗೆ ಬಂದಿದ್ದೆಲ್ಲ ಬೈದ್ರು. ನಾನು ಅಲ್ಲೇ ನಿಂತಿದ್ದೆ. ಒಂದು ಮಾತಾಡ್ಲಿಲ್ಲ. ಇವಳು ಒಬ್ಬಳೇ ಚೀಲ ಹಿಡ್ಕಂಡು ಬಸ್ ಹತ್ತಿ ಹೋದ್ಳು."

ಭಾವ ಅಕ್ಕನ ಕಡೆ ತಿರುಗಿದರು.

"ಅವತ್ತು ಹೇಳ್ಬೇಕಾಗಿದ್ದು ಇವತ್ತು ಹೇಳ್ತೆ. ಅಪ್ಪ ಬೈದಿದ್ದು ತಪ್ಪು. ನಾನು ಸುಮ್ಮನಿದ್ದಿದ್ದು ಇನ್ನೂ ತಪ್ಪು. ನೀ ಹೋಗಿದ್ದೇ ಸರಿ."

ಅಷ್ಟೇ. ಬಂದು ಕೂತರು. ಅಕ್ಕ ಅವರತ್ತ ನೋಡಲಿಲ್ಲ. ಅವರ ಕೈಯನ್ನು ಮೆಲ್ಲನೆ ತನ್ನ ಶಾಲಿನೊಳಗೆ ಎಳೆದುಕೊಂಡಳು. ವಂದನಾರ್ಪಣೆ ಮಾಡಿದವರು ಅರ್ಧ ಗಂಟೆ ಮಾತಾಡಿದರು. ಅಷ್ಟೂ ಹೊತ್ತು ಆ ಕೈ ಬಿಡಲಿಲ್ಲ.