ಕೊನೆಯವರು ಯಾರು?

ಇಲ್ಮಾರಿ ಮೇಷ್ಟ್ರು ತಮ್ಮ ಅರವತ್ತಾರು ವರ್ಷಗಳ ಬಾಳಿನಲ್ಲಿ ಹೋರಾಡಿ ಗೆದ್ದದ್ದು ಒಂದೇ ಒಂದು ರಬ್ಬರ್ ಮುದ್ರೆ. ನಲವತ್ತೆರಡು ವರ್ಷಗಳ ಹಿಂದೆ, ಸ್ಪೇನಿನ ಲಾ ಪಾಲ್ಮಾ ದ್ವೀಪದ ವೇರಾ ಆಲ್ತಾ ಎಂಬ ಊರಿನ ಕಾಲೇಜು ಕಚೇರಿಯಲ್ಲಿ, ಬೆಳಿಗ್ಗೆ ಹಿಡಿದು ಹೋದ ಕಾಗದಕ್ಕೆ ಅದೇ ದಿನ ಮಧ್ಯಾಹ್ನ ಎರಡು ಗಂಟೆಯೊಳಗೆ ಅವರು ಮುದ್ರೆ ಒತ್ತಿಸಿಕೊಂಡಿದ್ದರು. ಆ ದ್ವೀಪದಲ್ಲೇ ಹುಟ್ಟಿ, ಬಾಳೆತೋಟಗಳ ನಡುವೆ ಬೆಳೆದು, ಅಲ್ಲೇ ಮಣ್ಣಾದವರಿಗೂ ಕೈಗೂಡದ ಸಾಧನೆ ಅದು. ಮದುವೆಯ ಊಟದಲ್ಲಿ, ಮಣ್ಣಿಗೆ ಹೋಗಿ ಬಂದ ಮೇಲಿನ ಕಾಫಿಯಲ್ಲಿ, ಹಲ್ಲು ಕೀಳಿಸಿಕೊಳ್ಳುವ ಮುನ್ನ, ಕೀಳಿಸಿಕೊಂಡ ಅನಂತರವೂ ದವಡೆ ಹಿಡಿದುಕೊಂಡೇ, ಅವರು ಆ ಕತೆಯನ್ನು ಹೇಳಿದ್ದರು.

ಮೊನ್ನೆ ಮಂಗಳವಾರ ನಿವೃತ್ತಿಯ ಕಾಗದಕ್ಕೆಂದು ಅದೇ ಕಚೇರಿಗೆ ಹೋದಾಗ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಗುಮಾಸ್ತೆ ನಾಯ್ರಾ ಕೇಳಿದ್ದು ಪುಟ್ಟದೊಂದು ಪ್ರಶ್ನೆ.

"ಮೇಷ್ಟ್ರೇ, ನೀವು ಈ ದ್ವೀಪಕ್ಕೆ ಬಂದ ತಾರೀಖು ಯಾವ್ದು? ಅದು ಇಲ್ದೆ ಪಿಂಚಣಿ ಮುಂದಕ್ಕೆ ಹೋಗಲ್ಲ."

ತಾರೀಖು ಹೇಳಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕುಳಿತರು. "ಅದೊಂದು ದೊಡ್ಡ ಕತೆ, ಮಗಳೇ," ಎಂದರು. ನಾಯ್ರಾ ಗೋಡೆಯ ಗಡಿಯಾರವನ್ನು ನೋಡಿದಳು. ಒಂದೂಕಾಲು. ಅವಳು ನಿಟ್ಟುಸಿರಿಟ್ಟು ಹಳೆಯ ಕಡತಗಳ ಕಟ್ಟನ್ನು ಬಿಚ್ಚಿ ಹುಡುಕತೊಡಗಿದಳು. ಮೇಷ್ಟ್ರು ಶುರುಮಾಡಿದರು.

ಆಗ ಇಲ್ಮಾರಿ ಇಪ್ಪತ್ತನಾಲ್ಕರ ಹುಡುಗ. ಅಗ್ನಿಪರ್ವತಗಳ ಬಗ್ಗೆ ಓದಲು ಒಂದೇ ಒಂದು ಸೆಮಿಸ್ಟರಿನ ಮಟ್ಟಿಗೆ ಫಿನ್ಲೆಂಡಿನಿಂದ ಬಂದವನು. ಕೂದಲು ಒಣಹುಲ್ಲಿನ ಬಣ್ಣ, ಮೈ ಸುಣ್ಣ ಬಳಿದ ಗೋಡೆ. ಸ್ಪ್ಯಾನಿಷ್ ಎಂದರೆ ಅಜ್ಜನ ಕಾಲದ ವ್ಯಾಕರಣ ಪುಸ್ತಕದಿಂದ ಕಲಿತದ್ದು. ಅವನ ಜೇಬಿನಲ್ಲಿ ಕಾಲೇಜಿನವರೇ ಅಚ್ಚು ಹಾಕಿಸಿದ್ದ ಎರಡು ಪ್ರತಿಗಳ ಒಂದು ನಮೂನೆಯಿತ್ತು. ಅವನು ಬಂದು ಸೇರಿದನೆಂದು ಅದಕ್ಕೆ ಅಂದು ಮುದ್ರೆ ಬಿದ್ದು, ಒಂದು ಪ್ರತಿ ಅಂದಿನ ಟಪಾಲಿನಲ್ಲೇ ಹೊರಡದಿದ್ದರೆ, ಅವನ ವಿಶ್ವವಿದ್ಯಾಲಯ ಅವನ ಹೆಸರನ್ನು ಹೊಡೆದುಹಾಕಿ ಮನೆಗೆ ಕರೆಸಿಕೊಳ್ಳುತ್ತಿತ್ತು. ಅವನು ಬಂದು ನಾಲ್ಕು ದಿನವಾಗಿತ್ತು. ಒಬ್ಬ ಸಂತನ ಹಬ್ಬಕ್ಕೆಂದು ಕಚೇರಿ ಒಂದು ದಿನ ಮುಚ್ಚಿತ್ತು. ಆ ಹಬ್ಬಕ್ಕೂ ಶನಿವಾರಕ್ಕೂ ನಡುವೆ ಒಂಟಿಯಾಗಿ ಸಿಕ್ಕಿಕೊಂಡ ಶುಕ್ರವಾರಕ್ಕೆ ಬೇಸರವಾಗದಿರಲೆಂದು ಅಂದೂ ಮುಚ್ಚಿತ್ತು. ಹೀಗಾಗಿ ಸೋಮವಾರ ಕಡೆಯ ದಿನವಾಗಿ ಉಳಿಯಿತು.

ಒಂಬತ್ತಕ್ಕೆ ಅವನು ಕಚೇರಿಯ ಪಡಸಾಲೆ ತಲಪಿದ. ಅವನ ನಾಡಿನಲ್ಲಿ ಸರತಿಯ ಸಾಲೆಂದರೆ ನೂಲು ಹಿಡಿದು ಎಳೆದ ಗೆರೆ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಆಡು ನೆಮ್ಮದಿಯಾಗಿ ಮಲಗುವಷ್ಟು ಜಾಗ. ಇಲ್ಲಿ ನೋಡಿದರೆ ಸಾಲೇ ಇಲ್ಲ. ಇಬ್ಬರು ಕಿಟಕಿಯ ಬಳಿ ಫುಟ್‌ಬಾಲಿನ ಬಗ್ಗೆ ಜಗಳವಾಡುತ್ತಿದ್ದರು. ಒಬ್ಬಾಕೆ ಮೆಟ್ಟಿಲ ಮೇಲೆ ಕುಳಿತು ಅವರೆ ಸುಲಿಯುತ್ತಿದ್ದಳು. ಉಳಿದವರು ಜಾತ್ರೆಯಲ್ಲಿ ತಪ್ಪಿಸಿಕೊಂಡವರಂತೆ ಅಲ್ಲಲ್ಲಿ ಚದುರಿದ್ದರು. ಬಾಗಿಲಿಗೆ ಮುಖ ಮಾಡಿ ನೆಟ್ಟಗೆ ನಿಂತಿದ್ದವನು ಒಬ್ಬನೇ. ಇಲ್ಮಾರಿ ಹೋಗಿ, ಆಡಿಗೆ ಜಾಗ ಬಿಟ್ಟು, ಅವನ ಹಿಂದೆ ನಿಂತ.

ಒಂದು ಗಂಟೆ ಕಳೆಯಿತು. ಎಲ್ಲೆಲ್ಲಿಂದಲೋ ಜನ ಎದ್ದು ಬಂದು ಇಬ್ಬರನ್ನೂ ದಾಟಿ ಒಳಗೆ ಹೋದರು, ಹೊರಗೆ ಬಂದರು. ಮುಂದಿದ್ದವನು ಮಾತ್ರ ಅಲುಗಲಿಲ್ಲ. ಕೊನೆಗೆ ಇಲ್ಮಾರಿ ಅವನ ಭುಜ ಮುಟ್ಟಿ, "ಮಹನೀಯರೇ, ತಮ್ಮ ಸರದಿ ಯಾವಾಗ ಬರುವುದು?" ಎಂದು ಕೇಳಿದ.

"ನನ್ ಸರದಿನಾ? ನಾನು ಬಣ್ಣ ಬಳಿಯೋಕೆ ಬಂದೋನು ಮಾರಾಯಾ. ಏಣಿ ಬರ್ಲಿ ಅಂತ ಕಾಯ್ತಿದೀನಿ. ನೀನ್ಯಾಕೆ ಬೆನ್ನಿಗೆ ಉಸಿರು ಬಿಡ್ತಾ ನಿಂತಿದೀಯ?"

ಪಡಸಾಲೆ ಗೊಳ್ಳೆಂದಿತು. ಅವರೆ ಸುಲಿಯುತ್ತಿದ್ದಾಕೆಗೆ ಕನಿಕರ ಬಂತು. "ಒಳಗೆ ಬಂದ ತಕ್ಷಣ 'ಕೊನೆಯವರು ಯಾರು?' ಅಂತ ಕೂಗ್ಬೇಕು ಕಣಪ್ಪ. ಯಾರು 'ನಾನು' ಅಂತಾರೋ ಅವರಾದ ಮೇಲೆ ನೀನು. ಆಮೇಲೆ ಎಲ್ಲಿ ಬೇಕಾದ್ರೂ ಕೂತ್ಕೋ, ನಿಂತ್ಕೋ, ಮಲ್ಕೋ."

ಇಲ್ಮಾರಿ ಗಂಟಲು ಸರಿಮಾಡಿಕೊಂಡು ಕೂಗಿದ. ಮೂಲೆಯಿಂದ ಒಂದು ಕೈ ಎದ್ದಿತು. "ನಾನೇ ಮಗಾ!" ಕಪ್ಪು ಉಡುಪಿನ, ಗಿಡ್ಡನೆಯ, ಗುಂಡಗಿನ ಹೆಂಗಸು, ಹೆಸರು ಬೆನಿಲ್ದೆ, ಮರ್ಯಾದೆಯಿಂದ ಕರೆದರೆ ದೋನ್ಯಾ ಬೆನಿಲ್ದೆ. ಮೊಮ್ಮಗ ಇನ್ನೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲವಾಗಿ ಅವನ ಅರ್ಜಿಯನ್ನು ತಾನೇ ತಂದಿದ್ದಳು. ಮುಂದೆ ಇನ್ನೂ ಹದಿನಾಲ್ಕು ಮಂದಿ ಇದ್ದಾರೆಂದು ಲೆಕ್ಕ ಹಾಕಿ, ಚೀಲ ಕೈಗೆತ್ತಿಕೊಂಡು, ಆಕೆ ಬೀದಿಗೆ ಹೊರಟೇಬಿಟ್ಟಳು.

ತಾನು ಯಾರಾದ ಮೇಲೆ ಎಂಬುದು ಇಲ್ಮಾರಿಗೆ ಗೊತ್ತು. ಆ ಹೆಂಗಸು ಯಾರಾದ ಮೇಲೆ ಎಂಬುದು ಗೊತ್ತಿಲ್ಲ. ಆಕೆ ಕಳೆದುಹೋದರೆ ಅವನ ಸರದಿ ಕಳೆಯಿತು, ಸರದಿ ಕಳೆದರೆ ಸೆಮಿಸ್ಟರ್ ಕಳೆಯಿತು. ಅವನು ಆಕೆಯ ಹಿಂದೆಯೇ ಹೊರಟ.

ಎರಡನೆಯ ತಿರುವಿನಲ್ಲಿ ಬೆನಿಲ್ದೆ ಗಕ್ಕನೆ ನಿಂತಳು. "ಏನೋ ಅದು, ನೆರಳಿನ ಥರ ಬರ್ತಿದೀಯಲ್ಲ? ಕಳ್ಳನೋ ಪೊಲೀಸೋ?"

"ತಮ್ಮ ನಂತರ ನಾನು, ಅಮ್ಮಾ. ತಾವೇ ಅಪ್ಪಣೆ ಕೊಡಿಸಿದಿರಿ."

"ಅದು ಕಚೇರೀಲಿ!"

"ತಾವು ಕಚೇರಿಯಲ್ಲಿ ಇಲ್ಲವಲ್ಲ."

ಬೆನಿಲ್ದೆ ಕೈಯಲ್ಲಿದ್ದ ಚೀಲವನ್ನು ಅವನತ್ತ ಚಾಚಿದಳು. "ಸರಿ, ಹಾಗಾದ್ರೆ ಇದನ್ನ ಹಿಡ್ಕೋ," ಎಂದಳು.

ಚಾನೊ ಎಂಬವನ ಮಾಂಸದಂಗಡಿಯಲ್ಲಿ ಆಕೆ "ಕೊನೆಯವರು ಯಾರು?" ಎಂದಳು. ಆಕೆಯ ನಂತರ ಇಲ್ಮಾರಿಯೂ ಎಂದ. ಹಿಂದೆ ಬಂದವರು ಅದನ್ನೇ ಕೇಳಿದಾಗ ಎದೆಯುಬ್ಬಿಸಿ "ನಾನು!" ಎಂದ. ಈ ನಾಡಿನಲ್ಲಿ ಅವನಿಗೆ ಸಿಕ್ಕ ಮೊದಲ ಸ್ಥಾನಮಾನ ಅದು. ಆದರೆ ಸರದಿಯೆಂಬುದು ಮುಂದೆ ಸಾಗುವ ವಸ್ತು. ಸ್ವಲ್ಪ ಹೊತ್ತಿನಲ್ಲಿ ಅವನು ಕತ್ತಿಯ ಎದುರಿಗೇ ಬಂದು ನಿಂತ.

"ನಿಂಗೇನಪ್ಪಾ?" ಎಂದ ಚಾನೊ.

"ಈ ತಾಯಿಗೆ ಏನೋ, ನನಗೂ ಅದೇ."

ಆಡಿನ ಒಂದು ಇಡೀ ತೊಡೆ ಅವನ ಕಂಕುಳಿಗೆ ಬಂತು.

ಅವನು ಹೊಸ್ತಿಲು ದಾಟುವಷ್ಟರಲ್ಲಿ ಅಂಗಡಿಯ ಒಳಗೆ ಪಿಸುಮಾತು ಎದ್ದಿತು. "ಯಾರೋ ಅದು, ಬೆನಿಲ್ದೆ ಹಿಂದೆ?" ಎಂದು ಕೇಳಿದಾಕೆ ಎಲ್ಬಿರಾ, ಪಕ್ಕದ ಬೇಕರಿಯವಳು.

ಗಿರಾಕಿ ಕೇಳಿದ್ದಕ್ಕೆ ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಚಾನೊಗೆ ಇರಲಿಲ್ಲ. "ಅವಳ ತಮ್ಮ ಕರಾಕಸ್‌ಗೆ ಹೋದ್ನಲ್ಲ, ಅವನ ಮೊಮ್ಮಗ."

"ಇಷ್ಟು ಬೆಳ್ಳಗಾ?"

"ಹೊರದೇಶದಲ್ಲಿ ಎಂಥೆಂಥವರನ್ನೋ ಕಟ್ಕೋತಾರೆ."

"ವಾಪಸ್ಸು ಯಾವಾಗಂತೆ?"

"ಇವತ್ತೇ ಹಡಗು," ಎಂದ ಚಾನೊ, ಒಂದು ಸಲ ಹೊರಟ ಮೇಲೆ ಪೂರ್ತಿ ಹೋಗಿಬಿಡುವುದೇ ವಾಸಿ ಎಂಬಂತೆ.

ವೇರಾ ಆಲ್ತಾದಲ್ಲಿ ಕಡಲಾಚೆಯ, ಕರಾಕಸ್ ಇರುವ ವೆನಿಜುವೆಲಾದ ಸಂಬಂಧವಿಲ್ಲದ ಮನೆಯಿಲ್ಲ. ಅತ್ತ ಹೊರಟವರ ಕೈಯಲ್ಲಿ ನಾಲ್ಕು ಪೊಟ್ಟಣ ಕಳಿಸದ ಮನೆಯೂ ಇಲ್ಲ. ಸುದ್ದಿ ಬೀದಿಯ ಮರದ ಉಪ್ಪರಿಗೆಗಳಿಂದ ಉಪ್ಪರಿಗೆಗೆ ಹಾರಿ, ನಡೆದುಹೋಗುತ್ತಿದ್ದ ಅವರಿಬ್ಬರಿಗಿಂತ ಮುಂಚೆಯೇ ಹಿಟ್ಟಿನ ಗಿರಣಿಯನ್ನು ತಲಪಿತು. ಗಿರಣಿಯಲ್ಲಿ ಬೆನಿಲ್ದೆ ತನ್ನ ಹಿಟ್ಟನ್ನು ತೂಗಿಸಿಕೊಳ್ಳುತ್ತಿದ್ದಾಗ, ಒಬ್ಬ ಮುದುಕ ಐದು ಸೇರು ಗೋಫಿಯೊ, ಅಂದರೆ ಅಲ್ಲಿಯ ಹುರಿಹಿಟ್ಟನ್ನು, ಇಲ್ಮಾರಿಯ ಬೆನ್ನಿಗೇರಿಸಿದ. ಇನ್ನೊಬ್ಬ ಹೊಗೆ ಹಾಕಿದ ಗಿಣ್ಣಿನ ಚಕ್ರವೊಂದನ್ನು ತಂದು ಆಡಿನ ತೊಡೆಯ ಪಕ್ಕಕ್ಕೆ ತುರುಕಿದ. ಎಲ್ಬಿರಾ ಏದುಸಿರು ಬಿಡುತ್ತ ಬಂದು ಬಾದಾಮಿ ಮಿಠಾಯಿಯ ಡಬ್ಬಿಯನ್ನು ಅವನ ಕೈಗಿಟ್ಟಳು.

"ನಮ್ಮಕ್ಕ ರೆಮೇದಿಯೋಸ್‌ಗೆ ಕೊಡಪ್ಪ. ಮಾರ್ಕೆಟ್ಟಿನ ಹಿಂದಿನ ಬೀದಿ. ಯಾರನ್ನ ಕೇಳಿದ್ರೂ ತೋರಿಸ್ತಾರೆ."

"ಅಗತ್ಯವಾಗಿ, ಅಮ್ಮಾ. ನಾಳೆ ಬೆಳಿಗ್ಗೆಯೇ ತಲಪಿಸುವೆನು."

"ನಾಳೆ ಬೆಳಿಗ್ಗೇನಾ!" ಎಲ್ಬಿರಾ ಸುತ್ತಲಿದ್ದವರನ್ನು ನೋಡಿದಳು. "ಚಾನೊ ಹಡಗು ಅಂದ. ಇವನು ವಿಮಾನದಲ್ಲಿ ಹೋಗೋ ದೊಡ್ಡ ಕುಳ ಕಣ್ರೇ!" ಅದರಿಂದಾಗಿ ಇನ್ನೂ ಮೂರು ಪೊಟ್ಟಣಗಳು ಬಂದವು.

ಇಲ್ಮಾರಿ ದಿಗ್ಭ್ರಮೆಗೊಂಡಿದ್ದ. ಅವನ ಊರಿನಲ್ಲಿ ಪಕ್ಕದ ಮನೆಯವರು ಮಾತನಾಡಿಸಲು ಹನ್ನೊಂದು ವರ್ಷ ತೆಗೆದುಕೊಂಡಿದ್ದರು. ಇಲ್ಲಿ ಅಪರಿಚಿತರು ಬೀದಿಯಲ್ಲಿ ತಡೆದು ಗಿಣ್ಣು ಕೊಡುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, "ನಮ್ಮನ್ನ ಮರೀಬೇಡಪ್ಪಾ" ಎನ್ನುತ್ತಾರೆ. ಹೊಸಬರನ್ನು ಬರಮಾಡಿಕೊಳ್ಳುವ ಪದ್ಧತಿ ಇದೇ ಇರಬೇಕೆಂದು ಅವನು ಎಲ್ಲರಿಗೂ ತಲೆಬಾಗಿ ವಂದಿಸಿದ. ಬಾಗಿದಾಗಲೆಲ್ಲ ಹುರಿಹಿಟ್ಟು ಸ್ವಲ್ಪ ಸ್ವಲ್ಪವೇ ಕೊರಳಿನೊಳಗೆ ಸುರಿಯಿತು.

ಅಲ್ಲಿಂದ ಬೆನಿಲ್ದೆ ಇಗರ್ಜಿಗೆ ಹೊಕ್ಕಳು. ಪಾಪನಿವೇದನೆಗೂ ಸರದಿಯಿತ್ತು. ಆಕೆ ಎದ್ದು ಬಂದೊಡನೆ ಹಿಂದಿನವರು ಇಲ್ಮಾರಿಯನ್ನು ಮುಂದಕ್ಕೆ ತಳ್ಳಿದರು. ಜಾಲರಿಯಾಚೆಯಿಂದ ಪಾದ್ರಿ ಕೇಳಿದ, "ಏನು ತಪ್ಪು ಮಾಡ್ದೆ ಮಗೂ?"

"ಬಣ್ಣ ಬಳಿಯುವವನೊಬ್ಬನ ಹಿಂದೆ ಒಂದು ಗಂಟೆ ನಿಂತೆ, ಸ್ವಾಮೀ."

ಪಾದ್ರಿ ಪ್ರಾಯಶ್ಚಿತ್ತದ ಪುಸ್ತಕವನ್ನೇ ತಿರುವಿ ಹಾಕಿದ. "ಇದಕ್ಕೆ ನಮ್ಮಲ್ಲಿ ಪ್ರಾಯಶ್ಚಿತ್ತ ಬರ್ದಿಲ್ಲ," ಎಂದು, ಸುಮ್ಮನೆ ಕಳಿಸಲು ಮನಸ್ಸಾಗದೆ ಮೂರು ಪ್ರಾರ್ಥನೆ ವಿಧಿಸಿದ.

ಇಬ್ಬರೂ ಕಚೇರಿಗೆ ಓಡುತ್ತ ಮರಳುವಾಗ, ಅದು ಮುಚ್ಚುವ ಎರಡು ಗಂಟೆಗೆ ಹತ್ತು ನಿಮಿಷವಿತ್ತು. ಬಣ್ಣದವನಿಗೆ ಇನ್ನೂ ಏಣಿ ಬಂದಿರಲಿಲ್ಲ. ಬೆನಿಲ್ದೆ ಸರಿಯಾಗಿ ತನ್ನ ಸರದಿಗೇ ಒಳಗೆ ಹೋದಳು, ಐದು ನಿಮಿಷದಲ್ಲಿ ಹೊರಬಂದಳು. ಬಂದವಳು ಇಲ್ಮಾರಿಯನ್ನೊಮ್ಮೆ ನೋಡಿದಳು. ಅವಳ ಚೀಲವನ್ನು ಇಡೀ ಬೆಳಿಗ್ಗೆ ಅವನೇ ಹೊತ್ತಿದ್ದ. ಹದಿನೈದು ವರ್ಷಗಳಿಂದ ಅದನ್ನು ಬೇರೆ ಯಾರೂ ಹೊತ್ತಿರಲಿಲ್ಲ. ಅವನ ಕೊರಳು ತಬ್ಬಿಕೊಂಡು ತೆರೆದ ಬಾಗಿಲಲ್ಲೇ ಗಳಗಳನೆ ಅತ್ತುಬಿಟ್ಟಳು. "ಚೆನ್ನಾಗಿರು ಮಗಾ!"

ಒಳಗಿದ್ದ ಅಧಿಕಾರಿ ದೋನ್ ಫ್ರೊಯ್ಲಾನ್ ಇದನ್ನೆಲ್ಲ ನೋಡಿದ. ಬೆನ್ನಿಗೆ ಹಿಟ್ಟಿನ ಮೂಟೆ, ಕಂಕುಳಲ್ಲಿ ಮಾಂಸ, ಗಿಣ್ಣು, ಎದೆಯೆತ್ತರದ ಪೊಟ್ಟಣಗಳು, ಕೊರಳಿಗೆ ಜೋತುಬಿದ್ದು ಅಳುವ ಮುದುಕಿ. ಅವನೂ ಮನುಷ್ಯನೇ, ಕಣ್ಣು ತುಂಬಿ ಬಂತು. ಕೈ ಖಾಲಿಯಿಲ್ಲದ ಇಲ್ಮಾರಿಯ ಜೇಬಿನಿಂದ ತಾನೇ ನಮೂನೆಯನ್ನು ಎಳೆದುಕೊಂಡ. ಎರಡು ಪ್ರತಿಗೂ ಧಡ್, ಧಡ್ ಎಂದು ಮುದ್ರೆ ಒತ್ತಿದ. ಒಂದನ್ನು ಲಕೋಟೆಗೆ ಹಾಕಿ ಟಪಾಲಿನ ಚೀಲಕ್ಕೆ ಎಸೆದ, ಇನ್ನೊಂದನ್ನು ಕಡತಕ್ಕೆ ಸೇರಿಸಿದ. ಎರಡು ಹೊಡೆಯಲು ಒಂದು ನಿಮಿಷವಿತ್ತು.

"ಶುಭ ಪ್ರಯಾಣ ಕಣಪ್ಪಾ," ಎಂದ ಮೂಗೊರೆಸಿಕೊಳ್ಳುತ್ತ. "ಮತ್ತೆ ಬಾ."

'ನಾಲ್ಕು ದಿನದ ಹಿಂದಿನ ಪ್ರಯಾಣಕ್ಕೂ ಶುಭ ಹಾರೈಸುವ ಎಂಥ ಸಜ್ಜನರು!' ಎಂದುಕೊಂಡ ಇಲ್ಮಾರಿ. ಅವನ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಬಲ್ಲವರಿರಲಿಲ್ಲ. ಮುದ್ರೆ ದುಂಡಗಿತ್ತು, ಒಪ್ಪಿಕೊಂಡರು. ಸೆಮಿಸ್ಟರ್ ಉಳಿಯಿತು. ಸೆಮಿಸ್ಟರಿಗೆಂದು ಬಂದವನೂ ಉಳಿದ.

"ನಲವತ್ತೆರಡು ವರ್ಷ!" ಎಂದು ಮೇಷ್ಟ್ರು ಮೇಜು ಕುಟ್ಟಿ ಕತೆ ಮುಗಿಸಿದರು. "ಅದೇ ದಿನ ಮುದ್ರೆ! ಈ ಊರಲ್ಲಿ ಇನ್ನೊಬ್ಬನನ್ನ ತೋರಿಸು ನೋಡೋಣ!"

ನಾಯ್ರಾ ಹಳದಿಗಟ್ಟಿದ ಕಾಗದವೊಂದನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದಳು. "ಮೇಷ್ಟ್ರೇ, ಇದರಲ್ಲಿ ಎರಡು ಚೌಕ ಇದಾವೆ. ಮೇಲಿಂದು ಬಂದಿದ್ದಕ್ಕೆ, ಕೆಳಗಿಂದು ಹೊರಟಿದ್ದಕ್ಕೆ. ನಿಮ್ಮ ಮುದ್ರೆ ಕೆಳಗಿದೆ."

"ಕೆಳಗೆ ಅಂದ್ರೆ?"

"ನೀವು ಅವತ್ತೇ ಈ ದ್ವೀಪ ಬಿಟ್ಟು ಹೋಗಿದೀರಿ. ಬಂದಿದ್ದಕ್ಕೆ ಎಲ್ಲೂ ದಾಖಲೆ ಇಲ್ಲ."

"ಬರದೇ ಹೇಗಮ್ಮಾ ಹೋಗ್ತೀನಿ?"

"ಅದನ್ನೇ ನಾನೂ ಕೇಳ್ತಿರೋದು."

ಮೇಷ್ಟ್ರು ಕಾಗದವನ್ನು ತಿರುಗಿಸಿ ನೋಡಿದರು, ತಲೆಕೆಳಗಾಗಿ ಹಿಡಿದರು. ಹಾಗೆ ಹಿಡಿದರೆ ಮುದ್ರೆ ಮೇಲಕ್ಕೆ ಬರುತ್ತಿತ್ತು, ಆದರೆ ಅವರ ಹೆಸರು ತಲೆಕೆಳಗಾಗುತ್ತಿತ್ತು. ಪಾಠ ಹೇಳಿದ ನಲವತ್ತು ವರ್ಷ, ಕಟ್ಟಿಕೊಂಡ ಮನೆ, ಎಲ್ಲವೂ ಇಲ್ಲಿಲ್ಲದ ಒಬ್ಬ ಮನುಷ್ಯನ ಪಾಲಿಗೆ ಹೋಗಿ ನಿಂತಿದ್ದವು. "ಈಗೇನು ಮಾಡ್ಲಿ?" ಎಂದರು ಕ್ಷೀಣವಾಗಿ.

"ಬಂದಿದ್ದಕ್ಕೆ ಅರ್ಜಿ ಕೊಡಿ. ಹೊರಗೆ ಹೋಗಿ ಕೊನೆಯವರು ಯಾರು ಅಂತ ಕೇಳಿ." ನಾಯ್ರಾ ಪೆನ್ನನ್ನು ಕೆಳಗಿಟ್ಟಳು. ಅವಳ ಕಣ್ಣುಗಳು ಕಿರಿದಾಗಿದ್ದವು. "ಅದಿರ್ಲಿ. ಆ ಬಾದಾಮಿ ಮಿಠಾಯಿ ಡಬ್ಬಿ ಏನಾಯ್ತು?"

"ಆ ರೆಮೇದಿಯೋಸ್ ಅನ್ನೋರ ಮನೆ ಈ ಊರಿನ ಮಾರ್ಕೆಟ್ಟಿನ ಹಿಂದೆ ಸಿಗ್ಲೇ ಇಲ್ಲಮ್ಮ. ಮೂರು ದಿನ ಹುಡುಕ್ದೆ. ನಾಲ್ಕನೇ ದಿನ... ತಿಂದೆ. ಬಹಳ ಚೆನ್ನಾಗಿತ್ತು."

"ಎಲ್ಬಿರಾ ನಮ್ಮಜ್ಜಿ," ಎಂದಳು ನಾಯ್ರಾ. "ಆ ವರ್ಷವೇ ಬೇಕರಿ ಮುಚ್ಚಿ ಬೆಟ್ಟದಾಚೆ ಹೋದೋಳು, ಈಗ ನನ್ ಜೊತೆ ವಾಪಸ್ ಬಂದಿದಾಳೆ. ಕಳ್ಸಿದೀನಿ ಅಂತ ಇವಳು, ಬಂದೇ ಇಲ್ಲ ಅಂತ ಕರಾಕಸ್ಸಿನ ಅವಳು. ಸುಳ್ಳಿ ಅಂದಳು ಒಬ್ಬಳು, ಜಿಪುಣಿ ಅಂದಳು ಇನ್ನೊಬ್ಬಳು. ನಲವತ್ತೆರಡು ವರ್ಷದಿಂದ ಅಕ್ಕತಂಗೀರು ಮಾತಾಡಿಲ್ಲ. ಹೊಂಬಣ್ಣದ ಕೂದಲಿನೋನು ಯಾರು ಕಂಡ್ರೂ ನಮ್ಮಜ್ಜಿ ಇವತ್ತಿಗೂ ಕೋಲು ಎತ್ಕೋತಾಳೆ."

ಮೇಷ್ಟ್ರ ಕೈ ತಾನಾಗಿ ತಲೆಯ ಮೇಲೆ ಹೋಯಿತು. ಕೂದಲು ಬೆಳ್ಳಗಾಗಿದ್ದುದಕ್ಕೆ ಅವರು ಮೊದಲ ಬಾರಿಗೆ ದೇವರನ್ನು ನೆನೆದರು. ಆಗ ಗಡಿಯಾರ ಎರಡು ಹೊಡೆಯಿತು. ಪಡಸಾಲೆಯ ಕಲ್ಲುಹಾಸಿನ ಮೇಲೆ ಠಕ್, ಠಕ್ ಎಂದು ಕೋಲಿನ ಸದ್ದು ಹತ್ತಿರವಾಯಿತು.

"ಎರಡು ಗಂಟೆಗೆ ಸರಿಯಾಗಿ ನನ್ನ ಕರ್ಕೊಂಡು ಹೋಗೋಕೆ ಬರ್ತಾಳೆ," ಎಂದು ನಾಯ್ರಾ ಎದ್ದು ಬಾಗಿಲನ್ನು ಅಗಲವಾಗಿ ತೆರೆದಳು. "ಅಜ್ಜೀ, ಬಾ, ಇಲ್ಲಿ ಕೂತ್ಕೋ. ಮೇಷ್ಟ್ರೇ, ಎಲ್ಲಿಗೆ ಎದ್ರಿ? ಎಷ್ಟು ಚೆನ್ನಾಗಿ ಹೇಳ್ತೀರಿ! ಇನ್ನೊಂದು ಸಲ ಹೇಳಿ, ಮೊದಲಿಂದ."